ಎರಡು ವರ್ಷವನ್ನು ಐದು ಮಾಡುವ ಕಾಗದ

ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಗಲ್ಫ್‌ನ ಭಾರತೀಯ ಶಾಲೆಗಳು ಶಿಕ್ಷಕರನ್ನು ಹುಡುಕುವ ಕಾಲ. ಅಲ್ಲಿನ ಸಿಬಿಎಸ್‌ಇ ಶಾಲೆಗಳು ಏಪ್ರಿಲ್‌ನಲ್ಲಿ ಹೊಸ ವರ್ಷ ಶುರು ಮಾಡುತ್ತವೆ. ಅದಕ್ಕೆ ಮೊದಲೇ ಬೆಂಗಳೂರು, ಮಂಗಳೂರು, ಕೊಚ್ಚಿಯ ಹೋಟೆಲುಗಳಲ್ಲಿ ಸಂದರ್ಶನಗಳು ನಡೆಯುತ್ತವೆ, ವಾಟ್ಸಾಪ್ ಗುಂಪುಗಳಲ್ಲಿ ಜಾಹೀರಾತುಗಳು ಓಡಾಡುತ್ತವೆ. ಹೆಚ್ಚುಕಡಿಮೆ ಎಲ್ಲ ಜಾಹೀರಾತಿನಲ್ಲೂ ಒಂದು ಸಾಲು ಇದ್ದೇ ಇರುತ್ತದೆ: ಬಿ.ಇಡ್. ಆಗಿರಬೇಕು, ಕನಿಷ್ಠ ಎರಡು ವರ್ಷದ ಅನುಭವ ಇರಬೇಕು. ಕೆಲವರು ಮೂರು ಕೇಳುತ್ತಾರೆ, ಕೆಲವರು ಐದು.

ಈ ಒಂದು ಸಾಲಿನ ಸುತ್ತ ನಮ್ಮಲ್ಲಿ ಸಣ್ಣದೊಂದು ವ್ಯವಹಾರವೇ ಬೆಳೆದಿದೆ. ಪಾಠ ಮಾಡಿದ್ದು ಒಂದು ವರ್ಷ, ಕಾಗದದಲ್ಲಿ ಮೂರು. ಮನೆಯಲ್ಲಿ ಟ್ಯೂಷನ್ ಹೇಳಿದ್ದು ಶಾಲೆಯ ನೌಕರಿಯಾಗುತ್ತದೆ. ಬಿ.ಇಡ್. ಓದುವಾಗ ಮಾಡಿದ ಅಭ್ಯಾಸ ಪಾಠಗಳು ಪೂರ್ಣಾವಧಿ ಸೇವೆಗೆ ಸೇರಿಕೊಳ್ಳುತ್ತವೆ. ರಾಜ್ಯ ಪಠ್ಯಕ್ರಮದ ಶಾಲೆ ಸಿಬಿಎಸ್‌ಇ ಆಗುತ್ತದೆ, ಐದನೇ ತರಗತಿಯ ಗಣಿತದ ಟೀಚರ್ ಬಯೋಡೇಟಾದಲ್ಲಿ ‘ಗಣಿತ ವಿಭಾಗದ ಮುಖ್ಯಸ್ಥೆ’ ಆಗುತ್ತಾರೆ. ಪರಿಚಯದ ಸಂಚಾಲಕರಿದ್ದರೆ ಒಂದು ಸಹಿ, ಒಂದು ಸೀಲು. ಪರಿಚಯ ಇಲ್ಲದಿದ್ದರೆ ಏಜೆಂಟ್ ಇದ್ದಾನೆ.

ಇದು ತಪ್ಪು ಎಂದು ಹೇಳುವುದು ಸುಲಭ. ಹಾಗೆ ಹೇಳಿ ಮುಗಿಸಿಬಿಡುವುದು ನ್ಯಾಯವಲ್ಲ. ಹೀಗೆ ಮಾಡುವವರಲ್ಲಿ ಹೆಚ್ಚಿನವರು ಮೋಸಗಾರರಲ್ಲ. ಮನೆಯ ಸಾಲ, ತಂಗಿಯ ಮದುವೆ, ಊರಿನ ಶಾಲೆ ಕೊಡುವ ಸಂಬಳ ಬಸ್ಸಿಗೂ ಅಂಗಡಿಗೂ ಸಾಲದ ಸ್ಥಿತಿ, ಇವುಗಳ ನಡುವೆ ನಿಂತವರು. ಆದರೂ ಈ ಕಾಗದದಿಂದ ಹೆಚ್ಚು ಕಳೆದುಕೊಳ್ಳುವುದು ಅದನ್ನು ಕೈಯಲ್ಲಿ ಹಿಡಿದು ವಿಮಾನ ಹತ್ತುವ ಶಿಕ್ಷಕಿಯೇ, ಮತ್ತು ಆ ಕಾಗದ ಬೇಕಾಗುವ ಸ್ಥಿತಿ ಹುಟ್ಟುವುದು ನಮ್ಮ ಖಾಸಗಿ ಶಾಲೆಗಳ ಆಫೀಸ್ ಕೋಣೆಯಲ್ಲಿ ಎಂಬುದು ನನ್ನ ವಾದ. ಈ ಎರಡನ್ನೂ ಒಟ್ಟಿಗೆ ನೋಡದಿದ್ದರೆ ಇಡೀ ವಿಷಯ ಬರೀ ನೀತಿಬೋಧೆಯಾಗಿ ಉಳಿಯುತ್ತದೆ.

ಮೊದಲು ಆ ಕಡೆಯವರ ಮಾತು ಕೇಳೋಣ. ‘ಎರಡು ವರ್ಷ ಎನ್ನುವುದು ಯಾರೋ ಕುಳಿತು ಬರೆದ ಅಂಕಿ. ಇಪ್ಪತ್ತು ವರ್ಷ ಪಾಠ ಮಾಡಿಯೂ ಮಕ್ಕಳಿಗೆ ಒಂದಕ್ಷರ ಹತ್ತಿಸದವರಿದ್ದಾರೆ, ಮೊದಲ ವರ್ಷವೇ ತರಗತಿಯನ್ನು ಕೈಗೆ ತೆಗೆದುಕೊಳ್ಳುವವರೂ ಇದ್ದಾರೆ. ಕೆಲಸ ಗೊತ್ತಿದ್ದರೆ ಸಾಲದೇ?’ ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಅನುಭವ ಮತ್ತು ಸಾಮರ್ಥ್ಯ ಒಂದೇ ಅಲ್ಲ ಎಂಬುದು ಶಾಲೆಯಲ್ಲಿ ಒಂದು ವರ್ಷ ಕಳೆದವರಿಗೆಲ್ಲ ಗೊತ್ತು. ಆದರೆ ಯಾವ ವರ್ಷಗಳನ್ನು ಸೇರಿಸುತ್ತಿದ್ದೇವೆ ಎಂಬ ಪ್ರಶ್ನೆ ಉಳಿಯುತ್ತದೆ. ಅಮೆರಿಕದ ಎರಿಕ್ ಹನುಷೆಕ್ ಮತ್ತು ಅವರಂಥ ಅರ್ಥಶಾಸ್ತ್ರಜ್ಞರು ಮಕ್ಕಳ ಕಲಿಕೆಯ ಅಂಕಗಳನ್ನು ಶಿಕ್ಷಕರ ಸೇವಾವಧಿಯ ಪಕ್ಕದಲ್ಲಿಟ್ಟು ನೋಡಿದಾಗ ಕಂಡದ್ದು ಇದು: ಶಿಕ್ಷಕರು ಅತಿ ವೇಗವಾಗಿ ಬೆಳೆಯುವುದು ಮೊದಲ ಕೆಲವು ವರ್ಷಗಳಲ್ಲಿ. ಅದರಲ್ಲೂ ಮೊದಲ ವರ್ಷಕ್ಕೂ ಮುಂದಿನ ವರ್ಷಗಳಿಗೂ ಇರುವ ಅಂತರ ದೊಡ್ಡದು. ಹತ್ತು ವರ್ಷದವರಿಗೂ ಹನ್ನೆರಡು ವರ್ಷದವರಿಗೂ ನಡುವೆ ಅಷ್ಟು ವ್ಯತ್ಯಾಸ ಕಾಣುವುದಿಲ್ಲ. ಆ ಮೇಲೆಯೂ ಶಿಕ್ಷಕರು ಬೆಳೆಯುತ್ತಾರೆ, ನಿಧಾನವಾಗಿ ಬೆಳೆಯುತ್ತಾರೆ ಎನ್ನುವವರಿದ್ದಾರೆ. ಆದರೆ ಮೊದಲ ವರ್ಷಗಳ ಮಹತ್ವದ ಬಗ್ಗೆ ಹೆಚ್ಚು ಜಗಳವಿಲ್ಲ.

ಈ ಬೆಳಕಿನಲ್ಲಿ ನೋಡಿದರೆ ಎಲ್ಲ ಉತ್ಪ್ರೇಕ್ಷೆಯೂ ಒಂದೇ ತೂಕದ್ದಲ್ಲ. ಎಂಟನ್ನು ಹತ್ತು ಮಾಡಿಕೊಂಡವರು ಮುಖ್ಯವಾಗಿ ಶಾಲೆಯ ಹಣ ತೆಗೆದುಕೊಳ್ಳುತ್ತಾರೆ, ಯಾಕೆಂದರೆ ಅಲ್ಲಿ ಸಂಬಳದ ಮೆಟ್ಟಿಲು ಅನುಭವದ ಮೇಲೆ ನಿಂತಿದೆ. ಸೊನ್ನೆಯನ್ನು ಎರಡು ಮಾಡಿಕೊಂಡವರು ತೆಗೆದುಕೊಳ್ಳುವುದು ಮಕ್ಕಳ ವರ್ಷವನ್ನು. ನಮ್ಮಲ್ಲಿ ಹೆಚ್ಚು ನಡೆಯುವುದು ಈ ಎರಡನೆಯದು, ಯಾಕೆಂದರೆ ಶರತ್ತುಗಳು ಕೇಳುವುದೇ ಈ ಮೊದಲ ವರ್ಷಗಳನ್ನು. ಅಮೆರಿಕದ ಜೆ-1 ಶಿಕ್ಷಕ ವಿನಿಮಯ ವೀಸಾ ಕೇಳುವುದು ಎರಡು ವರ್ಷದ ಪೂರ್ಣಾವಧಿ ಬೋಧನೆ. 2023ರಲ್ಲಿ ಇಂಗ್ಲೆಂಡ್ ಭಾರತದ ಶಿಕ್ಷಕರಿಗೂ ತನ್ನ ಅರ್ಹ ಶಿಕ್ಷಕ ಸ್ಥಾನಮಾನಕ್ಕೆ ಅರ್ಜಿ ಹಾಕಲು ಬಾಗಿಲು ತೆರೆದಾಗ ಅಲ್ಲೂ ಬೋಧನಾ ಅನುಭವದ ಶರತ್ತು ಇಟ್ಟಿತು. ಸುಮ್ಮನೆ ಸಾಲು ಉದ್ದ ಮಾಡಲು ಇಟ್ಟ ಶರತ್ತಲ್ಲ ಅದು. ಹೊಸಬರು ಮೊದಲ ವರ್ಷ ತಪ್ಪು ಮಾಡುತ್ತಾರೆ. ಆ ತಪ್ಪುಗಳನ್ನು ತನ್ನ ಭಾಷೆ ಮಾತನಾಡುವ ಮಕ್ಕಳ ನಡುವೆ, ಪಕ್ಕದ ಕ್ಲಾಸಿನಲ್ಲಿ ಒಬ್ಬ ಹಿರಿಯ ಟೀಚರ್ ಇರುವ ಕಡೆ ಮಾಡುವುದು ಬೇರೆ. ಏಳೆಂಟು ದೇಶದ ಮಕ್ಕಳು ಕೂತಿರುವ, ಬಾಗಿಲ ಬಳಿ ಪರಿವೀಕ್ಷಕರು ನೋಟ್‌ಪ್ಯಾಡ್ ಹಿಡಿದು ಕೂರುವ ತರಗತಿಯಲ್ಲಿ ಮಾಡುವುದು ಬೇರೆ.

ದುಬೈನ ಖಾಸಗಿ ಶಾಲೆಗಳನ್ನು ನೋಡಿಕೊಳ್ಳುವ ಸರ್ಕಾರಿ ಪ್ರಾಧಿಕಾರ ಶಾಲೆಗಳಿಗೆ ದರ್ಜೆ ಕೊಟ್ಟು, ವರದಿಯನ್ನು ಎಲ್ಲರೂ ಓದುವಂತೆ ಪ್ರಕಟಿಸಿದೆ. ದರ್ಜೆ ಕೊಡುವಾಗ ತರಗತಿಯೊಳಗೆ ಕೂತು ನೋಡಿದ್ದೂ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಪ್ರಿನ್ಸಿಪಾಲರು ತಾವೂ ಮುಂಚೆಯೇ ಬಂದು ಕೂರುತ್ತಾರೆ. ಮೊದಲ ಎರಡು ವಾರದಲ್ಲೇ ಕಾಗದ ಏನು ಹೇಳಿತ್ತು, ಕೈ ಏನು ಮಾಡುತ್ತಿದೆ ಎಂಬುದು ಬೇರೆಬೇರೆಯಾಗಿ ಕಾಣತೊಡಗುತ್ತದೆ. ಒಂದೇ ಪಾಠಕ್ಕೆ ಮೂರು ಹಂತದ ಅಭ್ಯಾಸ ತಯಾರಿಸಿ ಎಂದಾಗ, ಕಲಿಕೆಯ ತೊಂದರೆಯಿರುವ ಮಗುವಿಗೆ ಪ್ರತ್ಯೇಕ ಯೋಜನೆ ಬರೆಯಿರಿ ಎಂದಾಗ, ‘ಹಿಂದಿನ ಶಾಲೆಯಲ್ಲಿ ಇದನ್ನು ಹೇಗೆ ಮಾಡುತ್ತಿದ್ದಿರಿ?’ ಎಂದು ಕೇಳಿದಾಗ ಸುಳ್ಳು ಹೇಳಿದವರು ಇನ್ನೊಂದು ಸುಳ್ಳು ಹುಡುಕಬೇಕು. ನಿಜ ಹೇಳಿದ್ದರೆ ‘ಇದು ನನಗೆ ಹೊಸದು, ತೋರಿಸಿಕೊಡಿ’ ಎನ್ನಬಹುದಿತ್ತು. ಪರವೂರಿನ ಮೊದಲ ತಿಂಗಳಲ್ಲಿ ಒಬ್ಬ ಶಿಕ್ಷಕಿಗೆ ಬಹಳವಾಗಿ ಬೇಕಾದದ್ದು ಈ ಒಂದು ಮಾತು. ಉಬ್ಬಿಸಿದ ಅನುಭವ ಮೊದಲು ಕಸಿದುಕೊಳ್ಳುವುದು ಇದನ್ನೇ.

ಮುಖ್ಯೋಪಾಧ್ಯಾಯನಾಗಿದ್ದಾಗ, ಆಮೇಲೆ ಆಯ್ಕೆ ಸಮಿತಿಗಳಲ್ಲಿ ಕೂತಾಗ ಇಂಥ ಪ್ರಮಾಣಪತ್ರಗಳನ್ನು ಬಹಳ ನೋಡಿದ್ದೇನೆ. ಸಿಕ್ಕಿಬೀಳುವುದಕ್ಕೆ ಪತ್ತೇದಾರಿ ಬೇಕಿಲ್ಲ. ಒಂದು ಉದಾಹರಣೆ: ಪ್ರಮಾಣಪತ್ರದ ಕೆಳಗಿನ ದಿನಾಂಕ 2011ರ ಮೇ ತಿಂಗಳದ್ದು, ಕಾಗದ ಹಳೆಯದಾಗಿ ಕಾಣಲೆಂದು ಅಂಚು ಮಡಚಿ ತಂದಿದ್ದರು. ತಲೆಬರಹದಲ್ಲಿ ಊರಿನ ಹೆಸರು ಇಂಗ್ಲಿಷಿನಲ್ಲಿ ‘ಮಂಗಳೂರು’ ಎಂದೇ ಇತ್ತು, ‘ಮ್ಯಾಂಗಲೋರ್’ ಎಂದಿರಲಿಲ್ಲ. ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿ, ಬೆಳಗಾವಿ ಸೇರಿ ಹನ್ನೆರಡು ಊರುಗಳ ಇಂಗ್ಲಿಷ್ ಹೆಸರು ಅಧಿಕೃತವಾಗಿ ಬದಲಾಗಿದ್ದು 2014ರ ನವೆಂಬರ್ 1ರಂದು. ಅದಕ್ಕೆ ಮೂರು ವರ್ಷ ಮೊದಲೇ ಆ ಶಾಲೆ ಹೊಸ ಹೆಸರಿನ ಲೆಟರ್‌ಹೆಡ್ ಅಚ್ಚು ಹಾಕಿಸಿತ್ತು ಎಂದು ನಂಬಬೇಕಿತ್ತು. ಇನ್ನೊಂದು ಬಗೆ ಇದಕ್ಕಿಂತ ಹೆಚ್ಚು ಕಾಣುತ್ತದೆ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಮಂಡಳಿಯ (ಎನ್‌ಸಿಟಿಇ) 2014ರ ನಿಯಮಾವಳಿಯ ನಂತರ ಬಿ.ಇಡ್. ಎರಡು ವರ್ಷದ ಕೋರ್ಸು. ಅಂಕಪಟ್ಟಿ ಒಂದು ಜಿಲ್ಲೆಯ ಕಾಲೇಜಿನದು, ರೆಗ್ಯುಲರ್ ವಿದ್ಯಾರ್ಥಿ ಎಂದಿದೆ. ಅನುಭವ ಪತ್ರ ಇನ್ನೊಂದು ಜಿಲ್ಲೆಯ ಶಾಲೆಯದು, ಅದೇ ಎರಡು ವರ್ಷ ಪೂರ್ಣಾವಧಿ ಕೆಲಸ ಮಾಡಿದ್ದಾರೆ ಎಂದಿದೆ. ಎರಡರಲ್ಲಿ ಒಂದು ಸುಳ್ಳು. ಯಾವುದು ಸುಳ್ಳು ಎಂದು ಹೊರಗಿನವರು ತೀರ್ಮಾನಿಸುವಾಗ ನಿಜವಾದ ಬಿ.ಇಡ್. ಪದವಿಯೂ ಅನುಮಾನದ ಪಟ್ಟಿಗೆ ಬೀಳುತ್ತದೆ. ಕಷ್ಟಪಟ್ಟು ಓದಿದ ಪದವಿಯನ್ನು ಒಂದು ಸುಳ್ಳು ಕಾಗದ ಹೀಗೆ ಎಳೆದುಹಾಕುವುದನ್ನು ನೋಡಿದಾಗ ಸಂಕಟವಾಗುತ್ತದೆ.

‘ಆದರೆ ಸರ್, ಅಟೆಸ್ಟೇಷನ್ ಆಗಿದೆಯಲ್ಲ?’ ಎನ್ನುತ್ತಾರೆ. ಯುಎಇಯಂಥ ದೇಶಕ್ಕೆ ಹೋಗುವ ಕಾಗದಕ್ಕೆ ಇಲ್ಲಿ ರಾಜ್ಯ ಸರ್ಕಾರದ ಇಲಾಖೆಯ ಸೀಲು, ಆಮೇಲೆ ವಿದೇಶಾಂಗ ಸಚಿವಾಲಯದ್ದು, ಆಮೇಲೆ ಆ ದೇಶದ ರಾಯಭಾರ ಕಚೇರಿಯದು, ಅಲ್ಲಿಗೆ ಹೋದ ಮೇಲೆ ಅಲ್ಲಿನ ವಿದೇಶಾಂಗ ಇಲಾಖೆಯದು ಬೇಕು. ಹಿಂಬದಿ ತುಂಬ ಸೀಲು, ಸ್ಟಿಕ್ಕರು. ಇದನ್ನು ನೋಡಿ ಸರ್ಕಾರವೇ ನನ್ನ ಅನುಭವವನ್ನು ಒಪ್ಪಿದೆ ಎಂಬ ಧೈರ್ಯ ಬರುತ್ತದೆ. ಹಾಗೇನೂ ಇಲ್ಲ. ಪ್ರತಿಯೊಂದು ಸೀಲು ಹೇಳುವುದು ಅದರ ಹಿಂದಿನ ಸಹಿ ಸರಿಯಾದ ಅಧಿಕಾರಿಯದು ಎಂಬುದನ್ನಷ್ಟೇ. ಒಳಗಿನ ಮಾತು ನಿಜವೋ ಸುಳ್ಳೋ ಎಂಬ ಹೊಣೆ ತನ್ನದಲ್ಲ ಎಂದು ವಿದೇಶಾಂಗ ಸಚಿವಾಲಯ ಸ್ಪಷ್ಟವಾಗಿ ಹೇಳುತ್ತದೆ. ಸೀಲುಗಳು ಹೆಚ್ಚಿದಷ್ಟೂ ಕಾಗದದ ದಾರಿ ಗಟ್ಟಿಯಾಗುತ್ತದೆ, ಒಳಗಿನ ಸುಳ್ಳು ಸುಳ್ಳಾಗಿಯೇ ಉಳಿಯುತ್ತದೆ.

ಇತ್ತೀಚೆಗೆ ಒಳ್ಳೆಯ ಶಾಲೆಗಳು ಕಾಗದವನ್ನು ಪಕ್ಕಕ್ಕಿಟ್ಟು ನೇರವಾಗಿ ಕೇಳುತ್ತವೆ. ಇಂಗ್ಲೆಂಡಿನ ಶಿಕ್ಷಣ ಇಲಾಖೆ ಮಕ್ಕಳ ಸುರಕ್ಷತೆಗಾಗಿ ಎಲ್ಲ ಶಾಲೆಗಳಿಗೆ ಹೊರಡಿಸಿರುವ ಮಾರ್ಗಸೂಚಿಯಲ್ಲಿ, ‘ಸಂಬಂಧಪಟ್ಟವರಿಗೆ’ ಎಂದು ಯಾರಿಗೋ ಬರೆದ ಪ್ರಮಾಣಪತ್ರಗಳನ್ನು ನಂಬಬೇಡಿ, ಅಭ್ಯರ್ಥಿಯ ಕೈಯಿಂದ ತರಿಸಬೇಡಿ, ಹಿಂದಿನ ಶಾಲೆಯಿಂದ ನೀವೇ ತರಿಸಿಕೊಳ್ಳಿ, ನೌಕರಿಯ ನಡುವಿನ ಖಾಲಿ ಅವಧಿಗೆ ವಿವರಣೆ ಕೇಳಿ ಎಂದಿದೆ. ನಮ್ಮ ಅನುಭವ ಪ್ರಮಾಣಪತ್ರ ಎಂಬುದು ಹುಟ್ಟಿನಿಂದಲೇ ‘ಸಂಬಂಧಪಟ್ಟವರಿಗೆ’ ಬರೆದದ್ದು, ಅಭ್ಯರ್ಥಿಯ ಪ್ಲಾಸ್ಟಿಕ್ ಫೈಲಿನಲ್ಲೇ ಓಡಾಡುವಂಥದ್ದು.

ಈ ಕಟ್ಟುನಿಟ್ಟಿನ ಹಿಂದೆ ಇರುವುದು ಬರೀ ಸಂಬಳದ ಲೆಕ್ಕವಲ್ಲ. ವಿಲಿಯಂ ವೇಹಿ ಎಂಬ ಅಮೆರಿಕದ ಶಿಕ್ಷಕನಿಗೆ ಮಕ್ಕಳ ಮೇಲಿನ ಲೈಂಗಿಕ ಅಪರಾಧಕ್ಕಾಗಿ 1969ರಲ್ಲೇ ಕ್ಯಾಲಿಫೋರ್ನಿಯಾದಲ್ಲಿ ಶಿಕ್ಷೆಯಾಗಿತ್ತು. ಅದನ್ನು ಮುಚ್ಚಿಟ್ಟು ಆತ ನಾಲ್ಕು ದಶಕ ಇರಾನ್, ಸೌದಿ ಅರೇಬಿಯ, ಇಂಡೊನೇಷ್ಯ, ವೆನೆಜುವೆಲ, ಲಂಡನ್, ನಿಕರಾಗುವ ಎಂದು ದೇಶದಿಂದ ದೇಶಕ್ಕೆ ಹೋಗಿ ಅಂತರರಾಷ್ಟ್ರೀಯ ಶಾಲೆಗಳಲ್ಲಿ ಪಾಠ ಮಾಡಿದ. 2014ರಲ್ಲಿ ಅವನ ಪೆನ್‌ಡ್ರೈವ್‌ನಲ್ಲಿದ್ದ ಚಿತ್ರಗಳಿಂದ ಎಲ್ಲ ಹೊರಬಿತ್ತು. ಕೆಲವೇ ದಿನಗಳಲ್ಲಿ ಆತ ಆತ್ಮಹತ್ಯೆ ಮಾಡಿಕೊಂಡ. ಅದೇ ವರ್ಷ ಅಂತರರಾಷ್ಟ್ರೀಯ ಶಾಲೆಗಳ ಸಂಘಟನೆಗಳು ಸೇರಿ ಮಕ್ಕಳ ರಕ್ಷಣೆಗಾಗಿ ಕಾರ್ಯಪಡೆ ಕಟ್ಟಿದವು, ನೇಮಕಾತಿಯ ಪರಿಶೀಲನೆ ಬಿಗಿಯಾಯಿತು. ಎರಡು ವರ್ಷ ಸೇರಿಸಿಕೊಂಡ ನಮ್ಮೂರಿನ ಹುಡುಗಿಗೂ ಅವನಿಗೂ ಹೋಲಿಕೆಯೇ ಇಲ್ಲ. ಆದರೆ ಪರಿಶೀಲಿಸುವವರ ಮೇಜಿನ ಮೇಲೆ ಇಬ್ಬರ ಕಾಗದವೂ ಒಂದೇ ರೀತಿ ಕಾಣುತ್ತದೆ: ತಾಳೆಯಾಗದ ದಿನಾಂಕಗಳು, ಉತ್ತರ ಬರದ ಶಾಲೆ. ಆ ಎರಡು ವರ್ಷ ಈಕೆ ಎಲ್ಲಿದ್ದಳು, ಏನನ್ನು ಮುಚ್ಚಿಡುತ್ತಿದ್ದಾಳೆ ಎಂದು ಅವರು ಕೇಳಲೇಬೇಕು. ಮನೆಯಲ್ಲಿ ಹಾಸಿಗೆ ಹಿಡಿದ ಅಪ್ಪನನ್ನು ನೋಡಿಕೊಳ್ಳುತ್ತಿದ್ದೆ ಎಂದು ಬರೆದಿದ್ದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಆ ಜಾಗದಲ್ಲಿ ಇಲ್ಲದ ನೌಕರಿ ಬರೆದು ಆಕೆ ತನ್ನನ್ನು ತಾನೇ ಸಂಶಯದ ಸಾಲಿನಲ್ಲಿ ನಿಲ್ಲಿಸಿಕೊಂಡಳು.

ಸಿಕ್ಕಿಬಿದ್ದರೆ ಏನಾಗುತ್ತದೆ ಎಂಬುದು ಬಹಳ ಜನರಿಗೆ ಪೂರ್ತಿ ಗೊತ್ತಿಲ್ಲ. 2022ರ ಫೆಬ್ರುವರಿಯಿಂದ ಜಾರಿಯಲ್ಲಿರುವ ಯುಎಇ ಕಾರ್ಮಿಕ ಕಾನೂನಿನ 44ನೇ ವಿಧಿ, ನಕಲಿ ದಾಖಲೆ ಕೊಟ್ಟ ನೌಕರರನ್ನು ನೋಟಿಸ್ ಇಲ್ಲದೆ ತೆಗೆಯಲು ಮಾಲೀಕರಿಗೆ ಅಧಿಕಾರ ಕೊಡುತ್ತದೆ. ಬ್ರಿಟನ್ನಿನ ವೀಸಾ ಅರ್ಜಿಯಲ್ಲಿ ವಂಚನೆ ಮಾಡಿದ್ದು ಸಾಬೀತಾದರೆ ಹತ್ತು ವರ್ಷ ಆ ಕಡೆ ತಲೆಹಾಕುವಂತಿಲ್ಲ. ಅಮೆರಿಕದಲ್ಲಿ ಬೇಕೆಂದೇ ತಪ್ಪು ಮಾಹಿತಿ ಕೊಟ್ಟು ವೀಸಾ ಕೇಳಿದವರಿಗೆ, ವಿನಾಯಿತಿ ಸಿಗದಿದ್ದರೆ, ಬಾಗಿಲು ಜೀವಮಾನವಿಡೀ ಮುಚ್ಚುತ್ತದೆ. ನಮ್ಮ ದೇಶದಲ್ಲೂ ನಕಲಿ ದಾಖಲೆಯನ್ನು ಅಸಲಿ ಎಂದು ಬಳಸುವುದು ಹಿಂದೆ ಐಪಿಸಿ 471ರ ಅಡಿ, ಈಗ ಭಾರತೀಯ ನ್ಯಾಯ ಸಂಹಿತೆಯ ಅಡಿ ಅಪರಾಧ. ಏಜೆಂಟ್ ಇದನ್ನೆಲ್ಲ ಹೇಳುವುದಿಲ್ಲ. ಸಹಿ ಹಾಕುವ ಜಾಗದಲ್ಲಿ ಇರುವುದು ಅವನ ಹೆಸರಲ್ಲ.

ಇಷ್ಟಾದರೂ ನನಗೆ ಹೆಚ್ಚು ಭಯ ಹುಟ್ಟಿಸುವುದು ಸಿಕ್ಕಿಬೀಳದವರ ಕಥೆ. ಸರಿಯಾಗಿ ಹೇಳಬೇಕೆಂದರೆ, ಶಾಲೆಗೆ ಗೊತ್ತಾಗಿ, ಶಾಲೆ ಸುಮ್ಮನಿದ್ದವರ ಕಥೆ. ಎಲ್ಲ ಆಡಳಿತ ಮಂಡಳಿಗಳೂ ಪ್ರಾಮಾಣಿಕವಾಗಿಲ್ಲ. ಕಾಗದದಲ್ಲಿ ಹುಳುಕಿದೆ ಎಂದು ಗೊತ್ತಾದ ದಿನ ಕೆಲಸದಿಂದ ತೆಗೆಯುವುದಕ್ಕಿಂತ ಇಟ್ಟುಕೊಳ್ಳುವುದೇ ಲಾಭ ಎಂದು ಲೆಕ್ಕ ಹಾಕುವವರಿದ್ದಾರೆ. ಒಪ್ಪಂದದಲ್ಲಿ ಬರೆದಿದ್ದ ಮನೆ ಬಾಡಿಗೆ ಭತ್ಯೆ ಬರುವುದಿಲ್ಲ, ಕೇಳುವಂತಿಲ್ಲ. ವಾರಕ್ಕೆ ಇಪ್ಪತ್ನಾಲ್ಕು ಪೀರಿಯಡ್ ಎಂದಿದ್ದು ಮೂವತ್ತೆರಡಾಗುತ್ತದೆ, ಕೇಳುವಂತಿಲ್ಲ. ಪಾಸ್‌ಪೋರ್ಟನ್ನು ಮಾಲೀಕರು ಇಟ್ಟುಕೊಳ್ಳಬಾರದು ಎಂದು ಯುಎಇ ಕಾನೂನು ಹೇಳುತ್ತದೆ, ಆದರೆ ಕಾನೂನಿನ ಬಾಗಿಲಿಗೆ ಹೋಗಬೇಕಾದವಳ ಕೈಯಲ್ಲೇ ನಕಲಿ ಕಾಗದ ಇದ್ದರೆ ಆಕೆ ಹೋಗುವುದು ಹೇಗೆ? ‘ನಿಮ್ಮ ಸರ್ಟಿಫಿಕೇಟ್ ವಿಚಾರ ನಾವು ಎತ್ತಿಲ್ಲ ಮೇಡಂ, ನೀವೂ ಸ್ವಲ್ಪ ಹೊಂದಿಕೊಳ್ಳಿ’ ಎಂಬ ಒಂದು ಮಾತು ಸಾಕು, ಮುಂದಿನ ಮೂರು ವರ್ಷ ಬಾಯಿ ಕಟ್ಟಿದ ಹಾಗೆ. ನಿಜವಾದ ಕಾಗದದ ಮೇಲೆ ಹೋದವರಿಗೆ ದೂರು ಕೊಡುವ, ಬಿಟ್ಟು ಬೇರೆ ಶಾಲೆಗೆ ಹೋಗುವ ದಾರಿ ಇರುತ್ತದೆ. ಸಂಬಳ ಸ್ವಲ್ಪ ಕಡಿಮೆ ಇರಬಹುದು, ಆದರೆ ಜುಟ್ಟು ಇನ್ನೊಬ್ಬರ ಕೈಯಲ್ಲಿ ಇರುವುದಿಲ್ಲ.

ಈಗ ನನ್ನನ್ನು ಬಹಳ ಕಾಡಿದ ಒಂದು ಪ್ರಕರಣಕ್ಕೆ ಬರುತ್ತೇನೆ, ಯಾಕೆಂದರೆ ಅಲ್ಲಿ ಸುಳ್ಳು ಮತ್ತು ನಿಜ ಇಷ್ಟು ಸುಲಭವಾಗಿ ಬೇರೆಯಾಗಲಿಲ್ಲ. ಕರಾವಳಿಯ ಒಂದು ಸಣ್ಣ ಊರಿನ ವಿಜ್ಞಾನದ ಟೀಚರ್ ಸಲಹೆ ಕೇಳಲು ಬಂದಿದ್ದರು. ಮಸ್ಕತ್‌ನ ಒಂದು ಶಾಲೆಗೆ ಅರ್ಜಿ ಹಾಕಬೇಕಿತ್ತು.

‘ಸರ್, ಆರು ವರ್ಷ ಪಾಠ ಮಾಡಿದ್ದೇನೆ. ಕೈಯಲ್ಲಿರೋದು ಎರಡು ವರ್ಷದ ಲೆಟರ್ ಮಾತ್ರ.’

‘ಉಳಿದ ನಾಲ್ಕು ವರ್ಷ?’

‘ಆಗ ನನ್ನ ಬಿ.ಇಡ್. ಆಗಿರಲಿಲ್ಲ. ರಿಜಿಸ್ಟರಲ್ಲಿ ಬೇರೆಯವರ ಹೆಸರಿತ್ತು, ಕ್ಲಾಸಲ್ಲಿ ನಾನಿದ್ದೆ. ಈಗ ಕೇಳಿದರೆ, ಅದನ್ನು ಬರೆದುಕೊಟ್ಟರೆ ನಮಗೇ ತೊಂದರೆ ಮೇಡಂ, ಅಂತಾರೆ ಸಂಚಾಲಕರು. ಸಂಬಳ ಕೈಗೆ ಕೊಡ್ತಿದ್ದರು. ಚೀಟಿ ಇಲ್ಲ, ಪಿಎಫ್ ಇಲ್ಲ.’

ಏಜೆಂಟ್ ಬೇರೆ ತಾಲ್ಲೂಕಿನ ಒಂದು ಶಾಲೆಯಿಂದ ನಾಲ್ಕು ವರ್ಷದ ಪತ್ರ ಮಾಡಿಸಿಕೊಡುತ್ತೇನೆ ಎಂದಿದ್ದ. ಆಕೆ ಆ ಶಾಲೆಯ ಗೇಟನ್ನೂ ನೋಡಿರಲಿಲ್ಲ. ಕೆಲಸ ನಿಜ, ವರ್ಷ ನಿಜ, ಕಾಗದ ಮಾತ್ರ ಸುಳ್ಳು. ಇದರಲ್ಲಿ ತಪ್ಪೇನು ಎಂದು ಆಕೆ ಕೇಳಿದಾಗ ಥಟ್ಟನೆ ಉತ್ತರ ಕೊಡುವುದು ಸುಲಭವಾಗಿರಲಿಲ್ಲ.

ಯೋಚಿಸಿದ ಮೇಲೆ ನನಗೆ ಅನಿಸಿದ್ದು ಇದು. ಆ ಪತ್ರದ ಮೇಲೆ ಹೋದರೆ ಆಕೆಯ ನಿಜವಾದ ನಾಲ್ಕು ವರ್ಷ ಶಾಶ್ವತವಾಗಿ ಅಳಿಸಿಹೋಗುತ್ತದೆ. ಪ್ರಯೋಗಾಲಯವೇ ಇಲ್ಲದ ಶಾಲೆಯಲ್ಲಿ ಮನೆಯಿಂದ ನಿಂಬೆಹಣ್ಣು, ಅರಿಶಿನ, ಸುಣ್ಣ ತಂದು ಆಮ್ಲ ಪ್ರತ್ಯಾಮ್ಲ ತೋರಿಸಿದ್ದನ್ನು, ಏಳು ಮತ್ತು ಎಂಟನೇ ತರಗತಿಯನ್ನು ಒಂದೇ ಕೋಣೆಯಲ್ಲಿ ಕೂರಿಸಿ ಪಾಠ ಮಾಡಿದ್ದನ್ನು ಆಕೆ ಸಂದರ್ಶನದಲ್ಲಿ ಹೇಳುವಂತಿಲ್ಲ, ಯಾಕೆಂದರೆ ಪತ್ರ ಕೊಟ್ಟ ಶಾಲೆಯ ಕಥೆ ಬೇರೆ. ತನ್ನ ಅನುಭವವನ್ನು ಬಿಟ್ಟು ಯಾರದೋ ಶಾಲೆಯ ಕಲ್ಪಿತ ಅನುಭವ ಹೇಳಬೇಕು. ಆಕೆಯ ಹೆಸರನ್ನು ರಿಜಿಸ್ಟರಿನಿಂದ ಹೊರಗಿಟ್ಟ ಸಂಚಾಲಕರ ಕೆಲಸವನ್ನು ಆಕೆಯೇ ಪೂರ್ತಿ ಮಾಡಿಕೊಟ್ಟಂತೆ.

ಹಾಗಾದರೆ ದಾರಿ? ಹುಡುಕಿದರೆ ಗುರುತುಗಳು ಸಿಗುತ್ತವೆ. ವಾರವಾರ ಮುಖ್ಯೋಪಾಧ್ಯಾಯರ ಸಹಿ ಬಿದ್ದ ಪಾಠ ಟಿಪ್ಪಣಿ ಪುಸ್ತಕಗಳು ಆಕೆಯ ಮನೆಯ ಅಟ್ಟದಲ್ಲಿದ್ದವು. ಕ್ಲಾಸ್ ಟೀಚರ್ ಎಂದು ಆಕೆ ಸಹಿ ಮಾಡಿದ ಪ್ರಗತಿ ಪತ್ರಗಳು ಊರಿನ ಮಕ್ಕಳ ಮನೆಗಳಲ್ಲಿದ್ದವು. ಬ್ಲಾಕ್ ಮಟ್ಟದ ವಿಜ್ಞಾನ ಮೇಳದಲ್ಲಿ ಮಾರ್ಗದರ್ಶಕ ಶಿಕ್ಷಕಿ ಎಂದು ಸಿಕ್ಕಿದ್ದ ಪ್ರಶಸ್ತಿ ಪತ್ರ ಇತ್ತು. ಆಗಿನ ಮುಖ್ಯೋಪಾಧ್ಯಾಯರು ನಿವೃತ್ತರಾಗಿದ್ದರು, ಫೋನ್ ಮಾಡಿದರೆ ಮಾತನಾಡಲು ಒಪ್ಪಿದರು. ಎರಡು ವರ್ಷಕ್ಕೆ ಪ್ರಮಾಣಪತ್ರ ಇದೆ, ಅದಕ್ಕೂ ಮೊದಲು ನಾಲ್ಕು ವರ್ಷ ತರಬೇತಿಯಿಲ್ಲದ ಶಿಕ್ಷಕಿಯಾಗಿ ಇಂಥ ಶಾಲೆಯಲ್ಲಿ ಪಾಠ ಮಾಡಿದ್ದೇನೆ, ಶಾಲೆ ಅದಕ್ಕೆ ಪತ್ರ ಕೊಟ್ಟಿಲ್ಲ, ಇವು ಅದರ ದಾಖಲೆಗಳು ಎಂದು ಇದ್ದದ್ದನ್ನು ಇದ್ದ ಹಾಗೆ ಬರೆಯಲು ಹೇಳಿದೆ. ಸಂಬಳದ ಲೆಕ್ಕಕ್ಕೆ ಆ ನಾಲ್ಕು ವರ್ಷವನ್ನು ಯಾರೂ ಹಿಡಿಯದೆ ಇರಬಹುದು ಎಂದೂ ಹೇಳಿದೆ. ಅದು ನಷ್ಟವೇ, ಅದನ್ನು ಸಿಹಿ ಮಾಡಿ ಹೇಳುವ ಅಗತ್ಯವಿಲ್ಲ. ಆದರೆ ನಿಂಬೆಹಣ್ಣು, ಅರಿಶಿನದ ಪಾಠವನ್ನು ಆಕೆ ಧೈರ್ಯವಾಗಿ ಹೇಳಬಹುದಿತ್ತು. ಡೆಮೊ ಕ್ಲಾಸಿನಲ್ಲಿ ಮಾಡಿಯೂ ತೋರಿಸಬಹುದಿತ್ತು.

ಇಂಥ ಶಿಕ್ಷಕಿಯರು ಒಬ್ಬಿಬ್ಬರಲ್ಲ. ನಮ್ಮ ಅನುದಾನರಹಿತ ಶಾಲೆಗಳಲ್ಲಿ ನೇಮಕಾತಿ ಪತ್ರ ಕೊಡದಿರುವುದು, ಬೇಸಿಗೆ ರಜೆಯ ಎರಡು ತಿಂಗಳ ಸಂಬಳ ಹಿಡಿದು ಜೂನ್‌ನಲ್ಲಿ ಹೊಸದಾಗಿ ಸೇರಿದಂತೆ ತೋರಿಸುವುದು, ಮೂಲ ಅಂಕಪಟ್ಟಿಯನ್ನು ಬೀರುವಿನಲ್ಲಿಟ್ಟುಕೊಂಡು ಬಿಡುವಾಗ ಸತಾಯಿಸುವುದು ಯಾರಿಗೂ ಹೊಸ ಸುದ್ದಿಯಲ್ಲ. ಕಾನೂನು ಸಹ ಬಹಳ ಕಾಲ ಶಿಕ್ಷಕರನ್ನು ಅತ್ತಲೂ ಇಲ್ಲ ಇತ್ತಲೂ ಇಲ್ಲ ಎಂಬಂತೆ ಇಟ್ಟಿತ್ತು. ಕೈಗಾರಿಕಾ ವಿವಾದ ಕಾಯ್ದೆಯ ಪ್ರಕಾರ ಶಿಕ್ಷಕರು ಕಾರ್ಮಿಕರಲ್ಲ ಎಂದು ಸುಪ್ರೀಂ ಕೋರ್ಟ್ 1988ರಲ್ಲಿ ಹೇಳಿತು. ಗ್ರಾಚ್ಯುಯಿಟಿ ಕಾಯ್ದೆಯ ಅರ್ಥದಲ್ಲಿ ಅವರು ನೌಕರರೂ ಅಲ್ಲ ಎಂದು 2004ರಲ್ಲಿ ಹೇಳಿತು. ಸಂಸತ್ತು 2009ರಲ್ಲಿ ಶಿಕ್ಷಕರನ್ನೂ ಸೇರಿಸಲು ಆ ಕಾಯ್ದೆಗೆ ತಿದ್ದುಪಡಿ ತಂದು 1997ರ ಏಪ್ರಿಲ್‌ನಿಂದಲೇ ಅನ್ವಯವಾಗುವಂತೆ ಮಾಡಿತು. ಖಾಸಗಿ ಶಾಲೆಗಳು ಅದನ್ನು ಪ್ರಶ್ನಿಸಿ ಕೋರ್ಟಿಗೆ ಹೋದವು, ತಿದ್ದುಪಡಿ ಸರಿ ಎಂಬ ತೀರ್ಪು ಬಂದದ್ದು 2022ರ ಆಗಸ್ಟ್‌ನಲ್ಲಿ. ಗ್ರಾಚ್ಯುಯಿಟಿಗೆ ಸಾಮಾನ್ಯವಾಗಿ ಬೇಕಾದದ್ದು ಐದು ವರ್ಷದ ನಿರಂತರ ಸೇವೆ. ನಿರಂತರ ಸೇವೆ ದಾಖಲೆಯಾದರೆ ಹಣ ಕೊಡಬೇಕಾಗುತ್ತದೆ. ಹಾಗಾಗಿ ಸೇವೆಯೇ ದಾಖಲೆಯಾಗದಂತೆ ನೋಡಿಕೊಳ್ಳುವವರಿದ್ದಾರೆ. ಶಿಕ್ಷಕಿಯ ಆರು ವರ್ಷವನ್ನು ಎರಡು ಮಾಡುವ ಕಾಗದವನ್ನು ಬರೆದವರು ಮೊದಲು ಇವರು. ಆಕೆ ಆಮೇಲೆ ಎರಡನ್ನು ಐದು ಮಾಡಿಕೊಂಡರೆ ಊರೆಲ್ಲ ಬೆರಳು ತೋರಿಸುವುದು ಆಕೆಯ ಕಡೆಗೆ.

ಹೊರದೇಶದ ಶಾಲೆಗಳೂ ಸಾಚಾ ಅಲ್ಲ. ಒಂದೇ ತರಗತಿಗೆ, ಒಂದೇ ವಿಷಯಕ್ಕೆ ಪಾಸ್‌ಪೋರ್ಟ್ ನೋಡಿ ಸಂಬಳ ನಿರ್ಧರಿಸುವ ಶಾಲೆಗಳಿವೆ. ದಕ್ಷಿಣ ಕೊರಿಯದ ಇಂಗ್ಲಿಷ್ ಬೋಧಕರ ಇ-2 ವೀಸಾ ಬಹುಮಟ್ಟಿಗೆ ಏಳು ದೇಶಗಳ ನಾಗರಿಕರಿಗೆ ಮೀಸಲು. ಆ ದೇಶಗಳ ಪದವೀಧರರು ಒಂದು ದಿನವೂ ಪಾಠ ಮಾಡದೆ ಅಲ್ಲಿ ತರಗತಿಗೆ ಹೋಗಬಹುದು, ಹತ್ತು ವರ್ಷ ಇಂಗ್ಲಿಷ್ ಕಲಿಸಿದ ನಮ್ಮವರು ಆ ಬಾಗಿಲಿಂದ ಸುಲಭವಾಗಿ ಹೋಗುವಂತಿಲ್ಲ. ಇಂಥ ವ್ಯವಸ್ಥೆಯ ಮುಂದೆ ನಾನೇಕೆ ನಿಯತ್ತಾಗಿರಬೇಕು ಎಂಬ ಸಿಟ್ಟು ನನಗೂ ಅರ್ಥವಾಗುತ್ತದೆ. ಆದರೆ ಸುಳ್ಳು ಅನುಭವ ಪತ್ರ ಆ ಅನ್ಯಾಯವನ್ನು ಕೂದಲೆಳೆಯಷ್ಟೂ ಅಲುಗಿಸುವುದಿಲ್ಲ. ಭಾರತದ ಕಾಗದಗಳನ್ನು ನಂಬಲಾಗದು, ಅದಕ್ಕೇ ಕಡಿಮೆ ಸಂಬಳ ಎಂದು ಹೇಳಲು ಅವರಿಗೆ ಒಂದು ನೆಪ ಕೊಡುತ್ತದೆ ಅಷ್ಟೆ. ಇಥಿಯೋಪಿಯದ ಹೈಲೆ ಸೆಲಾಸಿ ಕಾಲದಲ್ಲಿ ಇಲ್ಲಿಂದ, ಅದರಲ್ಲೂ ಕೇರಳದಿಂದ, ಹೋದ ಶಿಕ್ಷಕರು ಆ ದೇಶದ ಹಳ್ಳಿಹಳ್ಳಿಯ ಶಾಲೆಗಳಲ್ಲಿ ಗಣಿತ, ವಿಜ್ಞಾನ ಕಲಿಸಿದರು. ಭಾರತದವರೆಂದರೆ ಮೇಷ್ಟರು ಎನ್ನುವಷ್ಟು ಹೆಸರು ಅಲ್ಲಿ ನಿಂತಿತು. ಅಂಥ ಹೆಸರು ಒಬ್ಬರದಲ್ಲ, ಒಬ್ಬೊಬ್ಬರೂ ಅದನ್ನು ಸ್ವಲ್ಪ ಸ್ವಲ್ಪ ಖರ್ಚು ಮಾಡಿದರೆ ಮುಂದೆ ಹೋಗುವವರಿಗೆ ಉಳಿಯುವುದು ಬರೀ ಹೆಚ್ಚುವರಿ ಸೀಲುಗಳು.

ಅರ್ಜಿ ಬರೆಯುವವರಿಗೆ ನನ್ನ ಮಾತು ಒಂದೇ. ವರ್ಷ ಸೇರಿಸುವುದರಲ್ಲಿ ಖರ್ಚು ಮಾಡುವ ಬುದ್ಧಿಯನ್ನು ಇರುವ ವರ್ಷವನ್ನು ಬಿಡಿಸಿ ಹೇಳುವುದರಲ್ಲಿ ಖರ್ಚು ಮಾಡಿ. ‘ಎರಡು ವರ್ಷದ ಅನುಭವ’ ಎಂದು ಬರೆದು ಬಿಟ್ಟರೆ ಅದು ನಿಜಕ್ಕೂ ಬಡವಾಗಿ ಕಾಣುತ್ತದೆ. ಎಷ್ಟು ಮಕ್ಕಳ ತರಗತಿ, ಯಾವ ಪಠ್ಯಕ್ರಮ, ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ ಮಾತನಾಡುವ ಮಕ್ಕಳಿಗೆ ಇಂಗ್ಲಿಷ್ ಮಾಧ್ಯಮದಲ್ಲಿ ಭಿನ್ನರಾಶಿ ಹೇಗೆ ಹೇಳಿಕೊಟ್ಟಿರಿ, ಓದಲು ಬಾರದ ಆರನೇ ತರಗತಿಯ ಹುಡುಗನಿಗೆ ಏನು ಮಾಡಿದಿರಿ, ಪೋಷಕರ ಸಭೆಗೆ ಬಾರದ ತಂದೆತಾಯಿಯನ್ನು ಹೇಗೆ ಕರೆಸಿದಿರಿ, ಇದನ್ನು ಬರೆದರೆ ಅದೇ ಎರಡು ವರ್ಷ ಎಷ್ಟೋ ಐದು ವರ್ಷಗಳಿಗಿಂತ ತೂಕದ್ದಾಗುತ್ತದೆ. ಆಯ್ಕೆ ಸಮಿತಿಯಲ್ಲಿ ಕೂತವರು ಒಂದು ದಿನದಲ್ಲಿ ಒಂದೇ ಬಗೆಯ ಬಯೋಡೇಟಾಗಳನ್ನು ಓದಿ ಸುಸ್ತಾಗಿರುತ್ತಾರೆ. ನಿಜವಾಗಿ ತರಗತಿಯಲ್ಲಿ ನಿಂತವರ ಒಂದು ವಾಕ್ಯ ಬಂದರೆ ತಲೆ ಎತ್ತುತ್ತಾರೆ.

ಶಾಲೆಗಳು ಮಾಡಬೇಕಾದ್ದು ಇದಕ್ಕಿಂತ ಸುಲಭ, ಖರ್ಚೂ ಇಲ್ಲ. ಕೇಂದ್ರದ ಯುಡೈಸ್ ಪ್ಲಸ್ ವ್ಯವಸ್ಥೆಗೆ ಪ್ರತಿ ಶಾಲೆಯೂ, ಖಾಸಗಿ ಶಾಲೆ ಸೇರಿ, ಪ್ರತಿ ವರ್ಷ ತನ್ನ ಶಿಕ್ಷಕರ ವಿವರ ಕೊಡುತ್ತದೆ. ಹೆಸರು, ವಿದ್ಯಾರ್ಹತೆ, ಸೇರಿದ ದಿನಾಂಕ ಎಲ್ಲವೂ ಅಲ್ಲಿ ತುಂಬಬೇಕು. ಆ ದಾಖಲೆಯಲ್ಲಿ ತನ್ನ ಬಗ್ಗೆ ಏನು ಬರೆದಿದೆ ಎಂದು ನೋಡುವ, ಅದರ ಒಂದು ಪ್ರತಿ ಕೇಳಿ ಪಡೆಯುವ ಹಕ್ಕು ಪ್ರತಿ ಶಿಕ್ಷಕಿಗೂ ಇರಬೇಕು. ರಿಜಿಸ್ಟರಿನಲ್ಲಿ ಒಬ್ಬರು, ತರಗತಿಯಲ್ಲಿ ಇನ್ನೊಬ್ಬರು ಎಂಬ ಆಟ ಆಗ ಇಷ್ಟು ಸಲೀಸಾಗಿ ನಡೆಯುವುದಿಲ್ಲ, ಯಾಕೆಂದರೆ ತರಗತಿಯಲ್ಲಿದ್ದವರೇ ನೋಡಿ ಕೇಳುತ್ತಾರೆ. ಸೇರಿದ ದಿನ ನೇಮಕಾತಿ ಪತ್ರ, ತಿಂಗಳಿಗೊಮ್ಮೆ ಬ್ಯಾಂಕಿಗೆ ಸಂಬಳ, ವರ್ಷದ ಕೊನೆಗೆ ಯಾವ ತರಗತಿ, ಯಾವ ವಿಷಯ ಎಂದು ಒಂದು ಪುಟದ ಸೇವಾ ವಿವರ, ಇವನ್ನು ಶಿಕ್ಷಕರು ಕೇಳದೆಯೇ ಕೊಡಬೇಕು. ಮತ್ತೆ, ಹೊರದೇಶದ ಶಾಲೆಯೊಂದರಿಂದ ಹಿಂದಿನ ಶಿಕ್ಷಕಿಯ ಬಗ್ಗೆ ಕೇಳಿ ಇಮೇಲ್ ಬಂದಾಗ ಅದನ್ನು ತೆರೆದು ಒಂದು ವಾರದೊಳಗೆ ಉತ್ತರ ಬರೆಯಬೇಕು. ಆಕೆ ನಿಮ್ಮ ಶಾಲೆ ಬಿಟ್ಟು ಹೋದಳು ಎಂಬ ಸಿಟ್ಟಿನಲ್ಲಿ ಉತ್ತರಿಸದೆ ಬಿಟ್ಟ ಆ ಇಮೇಲ್‌ನಿಂದ, ನಿಜ ಹೇಳಿದ ಒಬ್ಬ ಶಿಕ್ಷಕಿಯ ಅರ್ಜಿ ತಿರಸ್ಕೃತವಾಗುತ್ತದೆ. ಮುಂದಿನ ಸಲ ಆಕೆ ಹೋಗುವುದು ಏಜೆಂಟಿನ ಬಳಿಗೆ.